ಯಂತ್ರದ್ದಾ, ನಿಮ್ಮದಾ? ಓಇಎಂ–ರಿಟೇಲ್ ಲೈಸನ್ಸ್ ಹಿಂದಿನ ಅರ್ಧ ಶತಮಾನದ ಕಥೆ



ಸಿಂಧನೂರಲ್ಲೋ, ಲಿಂಗಸುಗೂರಲ್ಲೋ, ಮಸ್ಕಿಯಲ್ಲೋ ಒಂದು ಕಂಪ್ಯೂಟರ್ ಅಂಗಡಿಗೆ ಹೋಗಿ ಹೊಸ ಸಿಸ್ಟಮ್‌ಗೆ ಕೊಟೇಶನ್ ಕೇಳ್ರಿ. ಪ್ರೊಸೆಸರ್ ಇಷ್ಟು, ಮದರ್‌ಬೋರ್ಡ್ ಇಷ್ಟು, ಹಾರ್ಡ್ ಡಿಸ್ಕ್ ಇಷ್ಟು ಅಂತ ಸಾಲಾಗಿ ಬರೆದ ಮೇಲೆ ಕೊನೆಗೆ ಒಂದು ಪ್ರಶ್ನೆ ಬರ್ತದೆ: "ವಿಂಡೋಸ್ ಯಾವುದು ಹಾಕ್ಬೇಕ್ರಿ?" ಒರಿಜಿನಲ್ಲೇ ಬೇಕು ಅಂದ್ರೆ ಅದರಲ್ಲೂ ಎರಡು ರೇಟು. ಓಇಎಂ ಕಡಿಮೆ, ರಿಟೇಲ್ ಜಾಸ್ತಿ. ಪರದೆ ಮೇಲೆ ಕಾಣೋದು ಎರಡರಲ್ಲೂ ಒಂದೇ. ಮಾಡೋ ಕೆಲಸವೂ ಒಂದೇ. ಮತ್ತೆ ರೇಟು ಯಾಕೆ ಬೇರೆ?

ಇವತ್ತಿನ ಸಂಚಿಕೆ ಇದರ ಬಗ್ಗೆ. ನಾನು ಓದಿದ್ದು ಬಿ.ಕಾಂ. ಎರಡು ರೇಟು ಕಂಡ ಕೂಡಲೇ ನಮ್ಮ ತಲೆಗೆ ಬರೋದು ಒಂದೇ ಪ್ರಶ್ನೆ: ಕಡಿಮೆ ದುಡ್ಡು ಕೊಟ್ಟವನು ಏನನ್ನು ಬಿಟ್ಟುಕೊಟ್ಟ? ಇದಕ್ಕೆ ಉತ್ತರ ಹುಡುಕಿದ್ರೆ ಅರ್ಧ ಶತಮಾನದ ಇತಿಹಾಸವೇ ಬಿಚ್ಚಿಕೊಳ್ತದೆ. ಅದರಲ್ಲಿ ಬೆಂಗಳೂರಿನ ಹೈಕೋರ್ಟ್ ಬರ್ತದೆ, ನಿಮ್ಮ ಕೈಯಲ್ಲಿರೋ ಮೊಬೈಲ್ ಕೂಡ ಬರ್ತದೆ.

ಕಾಲುವೆ ನೀರು ಮತ್ತು ಡೀಸೆಲ್ ಎಂಜಿನ್

ಮೊದಲು ವ್ಯತ್ಯಾಸ ಏನು ಅಂತ ನಮ್ಮ ಭಾಷೆಯಲ್ಲೇ ತಿಳ್ಕೊಳ್ಳೋಣ.

ಸಿಂಧನೂರು ಭತ್ತದ ನಾಡಾಗಿದ್ದು ತುಂಗಭದ್ರಾ ಎಡದಂಡೆ ಕಾಲುವೆಯಿಂದ. ಆ ನೀರು ಯಾರಿಗೆ ಸೇರಿದ್ದು? ರೈತನಿಗೆ ಅಂತೀವಿ. ಆದರೆ ನಿಜವಾಗಿ ಅದು ಅಚ್ಚುಕಟ್ಟಿನೊಳಗಿನ ಹೊಲಕ್ಕೆ ಸೇರಿದ್ದು. ಹೊಲ ಮಾರಿದರೆ ನೀರು ಹೊಲದ ಜೊತೆ ಹೋಗ್ತದೆ. "ಹೊಲ ಮಾತ್ರ ಮಾರ್ತೀನಿ, ನನ್ನ ಪಾಲಿನ ಕಾಲುವೆ ನೀರನ್ನ ಹತ್ತು ಮೈಲಿ ಆಚೆ ಇರೋ ಒಣ ಹೊಲಕ್ಕೆ ಒಯ್ತೀನಿ" ಅಂದ್ರೆ ನಡೆಯಲ್ಲ. ಅಚ್ಚುಕಟ್ಟಿನ ಒಳಗೋ ಹೊರಗೋ ಅನ್ನೋದು ನಮ್ಮ ಕಡೆ ಎಷ್ಟು ದೊಡ್ಡ ಮಾತು ಅನ್ನೋದಕ್ಕೆ ಮಸ್ಕಿಯವರಿಗೆ ಉದಾಹರಣೆ ಬೇಕಿಲ್ಲ. ನಾರಾಯಣಪುರ ಬಲದಂಡೆಯ 5ಎ ಕಾಲುವೆ ಬೇಕು ಅಂತ ಅಲ್ಲಿನ ರೈತರು ಧರಣಿ ಕೂತರು, 2021ರ ಉಪಚುನಾವಣೆಯಲ್ಲಿ ಅದೇ ದೊಡ್ಡ ವಿಷಯ ಆಯಿತು.

ಓಇಎಂ ಲೈಸನ್ಸ್ ಅಂದ್ರೆ ಈ ಕಾಲುವೆ ನೀರಿದ್ದಂಗೆ. ಓಇಎಂ ಅಂದ್ರೆ ಒರಿಜಿನಲ್ ಇಕ್ವಿಪ್‌ಮೆಂಟ್ ಮ್ಯಾನುಫ್ಯಾಕ್ಚರರ್, ಅಂದ್ರೆ ಯಂತ್ರ ತಯಾರಿಸಿದವರು. ಅವರು ಸಾಫ್ಟ್‌ವೇರ್ ಕಂಪನಿಯಿಂದ ಸಗಟಾಗಿ ಲೈಸನ್ಸ್ ತಗೊಂಡು ಯಂತ್ರದ ಜೊತೆ ಕೊಡ್ತಾರೆ. ಅದು ಮೊದಲು ಯಾವ ಕಂಪ್ಯೂಟರ್‌ಗೆ ಬಿತ್ತೋ ಆ ಕಂಪ್ಯೂಟರ್‌ಗೇ ಕಟ್ಟಿಬಿದ್ದಿರ್ತದೆ. ಕಂಪ್ಯೂಟರ್ ಮಾರಿದ್ರೆ ಅದರ ಜೊತೆ ಹೋಗ್ತದೆ. ಕಂಪ್ಯೂಟರ್ ಸತ್ತರೆ ಅದರ ಜೊತೆ ಸಾಯ್ತದೆ.

ರಿಟೇಲ್ ಅಂದ್ರೆ ನೀವೇ ಕೊಂಡ ಡೀಸೆಲ್ ಎಂಜಿನ್. ಇವತ್ತು ಈ ಹೊಲದ ಬಾವಿಗೆ ಹಚ್ಚಬಹುದು, ನಾಳೆ ಬಂಡಿ ಮೇಲೆ ಹಾಕ್ಕೊಂಡು ಇನ್ನೊಂದು ಹೊಲಕ್ಕೆ ಒಯ್ಯಬಹುದು. ಒಂದೇ ಷರತ್ತು: ಒಂದು ಎಂಜಿನ್ ಒಂದು ಹೊತ್ತಿಗೆ ಒಂದೇ ಕಡೆ. ಹಳೆ ಕಂಪ್ಯೂಟರ್‌ನಿಂದ ತೆಗೆದು ಹೊಸದಕ್ಕೆ ಹಾಕಬೇಕು, ಎರಡರಲ್ಲೂ ಇಟ್ಕೊಳ್ಳೋ ಹಂಗಿಲ್ಲ.

ಇನ್ನೊಂದು ವ್ಯತ್ಯಾಸ ಉಂಟು. ರಿಟೇಲ್‌ನಲ್ಲಿ ತೊಂದರೆ ಆದರೆ ಸಾಫ್ಟ್‌ವೇರ್ ಕಂಪನಿಯನ್ನೇ ಕೇಳಬಹುದು. ಓಇಎಂನಲ್ಲಿ ಯಂತ್ರ ಮಾಡಿಕೊಟ್ಟವರನ್ನು ಕೇಳಬೇಕು. ಅಸೆಂಬಲ್ ಮಾಡಿಕೊಟ್ಟದ್ದು ಊರಿನ ಅಂಗಡಿಯವರಾದರೆ, ಅವರೇ ನಿಮ್ಮ ಓಇಎಂ.

ಬಿಟ್ಟುಕೊಟ್ಟದ್ದು ಇಷ್ಟು: ಒಯ್ಯುವ ಹಕ್ಕು, ಮತ್ತು ನೇರವಾಗಿ ಕಂಪನಿಯನ್ನು ಕೇಳುವ ಹಕ್ಕು.

ಫ್ರೀ ಆಗಿದ್ದ ಕಾಲ

ಹಂಗಾದ್ರೆ ಈ ಕಟ್ಟು ಯಾವಾಗ ಶುರುವಾಯಿತು? ಮೊದಲು ಸಾಫ್ಟ್‌ವೇರ್‌ಗೆ ಪ್ರತ್ಯೇಕ ರೇಟು ಅನ್ನೋದೇ ಇರಲಿಲ್ಲ. 1960ರ ದಶಕದಲ್ಲಿ ಐಬಿಎಂ ಕೋಣೆ ತುಂಬುವ ಕಂಪ್ಯೂಟರ್ ಕೊಡ್ತಿತ್ತು, ಸಾಫ್ಟ್‌ವೇರ್ ಅದರ ಜೊತೆಗೇ ಬರ್ತಿತ್ತು. ಸೈಕಲ್ ಜೊತೆ ಗಂಟೆ ಬಂದಂಗೆ. 1969ರ ಜೂನ್ 23ರಂದು ಐಬಿಎಂ ತನ್ನ ಹಲವು ಸಾಫ್ಟ್‌ವೇರ್‌ಗಳಿಗೂ ಸೇವೆಗಳಿಗೂ ಬೇರೆ ಬೆಲೆ ಇಡ್ತೀವಿ ಅಂತ ಪ್ರಕಟಿಸಿತು. ಸಾಫ್ಟ್‌ವೇರ್ ಒಂದು ಬೇರೆ ಸರಕು ಅಂತ ಲೆಕ್ಕಕ್ಕೆ ಬಂದದ್ದು ಹೆಚ್ಚುಕಡಿಮೆ ಅಲ್ಲಿಂದ.

ಆರು ವರ್ಷ ಮುಂದೆ ಬನ್ರಿ. 1975. ಅಮೆರಿಕದ ಎಂಐಟಿಎಸ್ ಅನ್ನೋ ಕಂಪನಿ ಆಲ್ಟೇರ್ ಅನ್ನೋ ಪುಟ್ಟ ಕಂಪ್ಯೂಟರ್ ಮಾರ್ತಿತ್ತು. ಅದಕ್ಕೆ ಬೇಸಿಕ್ ಭಾಷೆ ಬರೆದುಕೊಟ್ಟವರು ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್. ಅದರ ದರಪಟ್ಟಿ ನೋಡ್ರಿ: 8ಕೆ ಬೇಸಿಕ್, ಕಂಪನಿಯ ಮೆಮೊರಿ ಬೋರ್ಡ್ ಜೊತೆ ತಗೊಂಡ್ರೆ 75 ಡಾಲರ್. ಬರೀ ಬೇಸಿಕ್ ಸಾಕು ಅಂದ್ರೆ 500 ಡಾಲರ್. ನಮ್ಮ ಅಂಗಡಿಯವರು ಇವತ್ತು ಹೇಳುವ ಎರಡು ರೇಟಿನ ಮುತ್ತಜ್ಜ ಇದೇ.

ಆದರೆ ಆ ಮೆಮೊರಿ ಬೋರ್ಡ್‌ಗಳು ಸರಿ ಇರಲಿಲ್ಲ. ಜನ ಬೇರೆಯವರ ಬೋರ್ಡ್ ಕೊಂಡರು, ಬೇಸಿಕ್‌ನ ಕಾಪಿ ಹೊಡೆದು ಗೆಳೆಯರಿಗೆ ಹಂಚಿದರು. ಗೇಟ್ಸ್ ಸಿಟ್ಟಾಗಿ 1976ರ ಫೆಬ್ರವರಿ 3ರ ದಿನಾಂಕ ಹಾಕಿ ಹವ್ಯಾಸಿಗಳಿಗೆ ಒಂದು ಬಹಿರಂಗ ಪತ್ರ ಬರೆದರು. ಆಲ್ಟೇರ್ ಇಟ್ಟುಕೊಂಡವರಲ್ಲಿ ಬೇಸಿಕ್ ಕೊಂಡವರು ಶೇಕಡಾ 10ಕ್ಕಿಂತ ಕಡಿಮೆ ಅನ್ನೋದು ಅದರಲ್ಲಿದ್ದ ದೂರು. ಪೈರಸಿ ಜಗಳವೂ ಓಇಎಂ ರೇಟೂ ಒಂದೇ ಮನೆಯಲ್ಲಿ ಹುಟ್ಟಿದ ಅವಳಿ ಮಕ್ಕಳು.

ಲೈಸನ್ಸೇ ಮಾರಾಟಕ್ಕೆ ಬಂದಾಗ

1981ರ ಆಗಸ್ಟ್ 12ರಂದು ಐಬಿಎಂ ಪಿಸಿ ಬಂತು. ಅದರ ಆಪರೇಟಿಂಗ್ ಸಿಸ್ಟಮ್ ಕೊಟ್ಟದ್ದು ಮೈಕ್ರೋಸಾಫ್ಟ್. ಮೈಕ್ರೋಸಾಫ್ಟ್ ಅದನ್ನು ಕೊಂಡದ್ದು ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್ ಅನ್ನೋ ಸಣ್ಣ ಕಂಪನಿಯಿಂದ. ಮೈಕ್ರೋಸಾಫ್ಟ್ ಇಲ್ಲಿ ಮಾಡಿದ ಜಾಣತನ ಒಂದೇ: ಐಬಿಎಂಗೆ ಕೊಟ್ಟರೂ, ಬೇರೆ ತಯಾರಕರಿಗೂ ಲೈಸನ್ಸ್ ಕೊಡುವ ಹಕ್ಕನ್ನು ತನ್ನ ಹತ್ತಿರವೇ ಇಟ್ಟುಕೊಂಡಿತು. ಐಬಿಎಂ ತರದ್ದೇ ಪಿಸಿ ಮಾಡುವ ಕಂಪನಿಗಳು ಸಾಲುಗಟ್ಟಿದಾಗ ಪ್ರತಿ ಯಂತ್ರಕ್ಕೂ ಅದಕ್ಕೆ ದುಡ್ಡು ಬಂತು.

ಮಾರಿದ ಆ ಸಣ್ಣ ಕಂಪನಿಯದ್ದು ಬೇರೆ ಕಥೆ. ತನ್ನ ಕಂಪ್ಯೂಟರ್ ಜೊತೆ ಡಾಸ್ ಮಾರಲು ರಾಯಲ್ಟಿ ಕೊಡಬೇಕಿಲ್ಲ ಅನ್ನೋ ಹಕ್ಕು ಅದಕ್ಕೆ ಉಳಿದಿತ್ತು. ವ್ಯಾಪಾರ ಬಿದ್ದಾಗ ಮಾಲೀಕರು, "ಈ ಹಕ್ಕನ್ನೇ ಮಾರಿಬಿಡ್ತೀನಿ" ಅಂದರು. ಅದು ಯಂತ್ರಕ್ಕೆ ಕಟ್ಟಿದ ಹಕ್ಕಾ, ಎಲ್ಲಿಗಾದರೂ ಒಯ್ಯುವ ಹಕ್ಕಾ? ಜಗಳ ಕೋರ್ಟಿಗೆ ಹೋಯಿತು. 1986ರಲ್ಲಿ ಮೈಕ್ರೋಸಾಫ್ಟ್ 9,25,000 ಡಾಲರ್ ಕೊಟ್ಟು ಆ ಹಕ್ಕನ್ನು ವಾಪಸ್ ಕೊಂಡುಕೊಂಡಿತು. ಒಂದು ಸಾಲಿನ ಷರತ್ತಿಗೆ ಅಷ್ಟು ಬೆಲೆ!

ಆಮೇಲೆ ಕಟ್ಟು ಇನ್ನೂ ಬಿಗಿಯಾಯಿತು. ತಯಾರಕರು ಯಾವ ಪ್ರೊಸೆಸರ್‌ನ ಎಷ್ಟು ಯಂತ್ರ ಕಳಿಸ್ತಾರೋ ಅಷ್ಟಕ್ಕೂ ಮೈಕ್ರೋಸಾಫ್ಟ್‌ಗೆ ದುಡ್ಡು ಕೊಡಬೇಕು, ಒಳಗೆ ಡಾಸ್ ಹಾಕಿರಲಿ ಬಿಡಲಿ ಅನ್ನೋ ಒಪ್ಪಂದಗಳು ಬಂದವು. ಬೇರೆಯವರ ಡಾಸ್ ಹಾಕಿದರೆ ಎರಡು ಕಡೆ ದುಡ್ಡು. ಹಿಂಗಾದ್ರೆ ಬೇರೆಯವರದ್ದು ಯಾರು ಹಾಕ್ತಾರೆ? ಅಮೆರಿಕ ಸರ್ಕಾರ ಇದನ್ನು ಪ್ರಶ್ನೆ ಮಾಡಿತು. 1994ರ ಜುಲೈನಲ್ಲಿ ಆದ ಒಪ್ಪಂದದಲ್ಲಿ ಈ ಪದ್ಧತಿ ಬಿಡಲು ಮೈಕ್ರೋಸಾಫ್ಟ್ ಒಪ್ಪಬೇಕಾಯಿತು.

ನಮ್ಮ ಕಡೆ ಹೆಂಗೆ ಬಂತು

ಭಾರತದ ಕಾಪಿರೈಟ್ ಕಾಯ್ದೆ 1957ರದ್ದು. ಕಂಪ್ಯೂಟರ್ ಪ್ರೋಗ್ರಾಂ ಅದರೊಳಗೆ ಬಂದದ್ದು 1984ರ ತಿದ್ದುಪಡಿಯಲ್ಲಿ. 1994ರ ತಿದ್ದುಪಡಿ 1995ರ ಮೇ 10ರಿಂದ ಜಾರಿಗೆ ಬಂತು, ಅದರಲ್ಲಿ 63ಬಿ ಅನ್ನೋ ಕಲಂ ಸೇರಿತು. ಗೊತ್ತಿದ್ದೂ ಕಳ್ಳ ಕಾಪಿ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡ. ಲಾಭಕ್ಕಾಗಿ ಅಥವಾ ವ್ಯಾಪಾರಕ್ಕಾಗಿ ಬಳಸಿಲ್ಲ ಅಂದ್ರೆ ಕೋರ್ಟು ಜೈಲು ಬಿಟ್ಟು ಬರೀ ದಂಡ ಹಾಕಬಹುದು. ಅಂದ್ರೆ ಮನೆಯಲ್ಲಿ ಓದುವ ಹುಡುಗನಿಗಿಂತ ಆನ್‌ಲೈನ್ ಸೆಂಟರ್ ಇಟ್ಟವನಿಗೆ ಅಪಾಯ ಹೆಚ್ಚು. ಅದೇ ಕಾಯ್ದೆ ಇನ್ನೊಂದು ಮಾತನ್ನೂ ಹೇಳ್ತದೆ: ನ್ಯಾಯವಾಗಿ ಪ್ರೋಗ್ರಾಂ ಇಟ್ಟುಕೊಂಡವರು ಕಳೆದುಹೋದೀತು ಅಂತ ಬ್ಯಾಕಪ್ ಕಾಪಿ ಮಾಡಿಕೊಳ್ಳಬಹುದು, ಅದು ತಪ್ಪಲ್ಲ.

ಕಾನೂನು ಬಂತು, ಆದರೆ ಕಂಪನಿಗಳು ಕಾನೂನನ್ನೇ ನೆಚ್ಚಿ ಕೂರಲಿಲ್ಲ. ಹಳೆ ಡಿಟಿಪಿ ಅಂಗಡಿ ನೋಡಿದವರಿಗೆ ಡಾಂಗಲ್ ನೆನಪಿರ್ತದೆ. ಲಗ್ನಪತ್ರಿಕೆ ಮಾಡಲು ಶ್ರೀಲಿಪಿ ತೆರೆಯಬೇಕು ಅಂದ್ರೆ ಕಂಪ್ಯೂಟರ್ ಹಿಂದೆ ಆ ಪುಟ್ಟ ಬೀಗ ಚುಚ್ಚಿರಬೇಕು. ಡಾಂಗಲ್ ಕಿತ್ತು ಬೇರೆ ಕಂಪ್ಯೂಟರ್‌ಗೆ ಚುಚ್ಚಿದರೆ ಅಲ್ಲಿ ಕೆಲಸ ಮಾಡ್ತದೆ. ಕಿರಿಕಿರಿ ಹೌದು. ಆದರೆ ಹಕ್ಕು ಮಾಲೀಕನ ಜೇಬಿನಲ್ಲಿ ಇರ್ತಿತ್ತು.

ಅದೇ ದಾರಿಯಲ್ಲಿ ನಮ್ಮ ಬೆಂಗಳೂರಿನ ಟ್ಯಾಲಿಯನ್ನು ನೋಡ್ರಿ. ಶ್ಯಾಮ್ ಸುಂದರ್ ಗೋಯಂಕಾ ತಮ್ಮ ವ್ಯಾಪಾರದ ಲೆಕ್ಕಕ್ಕೆ ಸರಿಯಾದ ಸಾಫ್ಟ್‌ವೇರ್ ಸಿಗದೆ, ಗಣಿತ ಓದಿದ ಮಗ ಭರತ್ ಗೋಯಂಕಾಗೆ "ನೀನೇ ಬರಿ" ಅಂದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಅನ್ನೋ ಹೆಸರಲ್ಲಿ ಕಂಪನಿ ಶುರುವಾಯಿತು. ಇವತ್ತು ರೈಸ್ ಮಿಲ್ಲಿನ ಆಫೀಸಿನಿಂದ ಅಡತಿ ಅಂಗಡಿವರೆಗೆ ಬಿ.ಕಾಂ. ಹುಡುಗ ಹುಡುಗಿಯರಿಗೆ ಕೆಲಸ ಕೊಡೋದು ಅದೇ. ಟ್ಯಾಲಿ ಲೈಸನ್ಸ್ ನಿಂತಿರೋದು ಸೀರಿಯಲ್ ನಂಬರ್ ಮೇಲೆ. ಕಂಪ್ಯೂಟರ್ ಬದಲಿಸಬೇಕಾದರೆ ಹಳೆಯದರಲ್ಲಿ "ಸರೆಂಡರ್" ಕೊಟ್ಟು, ಹೊಸದರಲ್ಲಿ ಮತ್ತೆ ಆಕ್ಟಿವೇಟ್ ಮಾಡಬಹುದು. ಡೀಸೆಲ್ ಎಂಜಿನ್ನೇ ಸರಿ.

ಈಗ ಅದೇ ಮೇಜಿನ ಮೇಲಿನ ಕಂಪ್ಯೂಟರ್ ನೋಡ್ರಿ. ಟ್ಯಾಲಿಯ ಕೆಳಗಿರೋ ವಿಂಡೋಸ್ ಓಇಎಂ. 2001ರ ಅಕ್ಟೋಬರ್ 25ಕ್ಕೆ ವಿಂಡೋಸ್ ಎಕ್ಸ್‌ಪಿ ಬಂದಾಗ ಆಕ್ಟಿವೇಶನ್ ಪದ್ಧತಿ ಮನೆ ಬಳಕೆದಾರರಿಗೂ ಬಂತು, ಸಿಪಿಯು ಡಬ್ಬಿ ಮೇಲೆ ಕೀ ಬರೆದ ಸ್ಟಿಕ್ಕರ್ ಅಂಟಿರ್ತಿತ್ತು. ಎಕ್ಸ್‌ಪಿಯಲ್ಲಿ ಕನ್ನಡಕ್ಕೆ ಬಂದ ಫಾಂಟ್ ಹೆಸರು ತುಂಗಾ. ನಮ್ಮ ಕಾಲುವೆಗೆ ನೀರು ಕೊಡುವ ನದಿಯ ಹೆಸರು, ಅದೂ ವಿಂಡೋಸ್ ಜೊತೆಗೇ ಕಟ್ಟಿಕೊಂಡು ಬಂತು. 2012ರಲ್ಲಿ ವಿಂಡೋಸ್ 8 ಬಂದ ಮೇಲೆ ಕಂಪನಿ ಯಂತ್ರಗಳಲ್ಲಿ ಸ್ಟಿಕ್ಕರ್ ಮೇಲೆ ಕೀ ಬರೆಯೋದು ನಿಂತು, ಅದು ಮದರ್‌ಬೋರ್ಡ್‌ನೊಳಗಿನ ಚಿಪ್‌ಗೇ ಸೇರಿತು. ಕಾಣುತ್ತಿದ್ದ ಕಟ್ಟು ಕಾಣದಂತಾಯಿತು.

ಬೇಸಿಗೆಯಲ್ಲಿ ಕರೆಂಟ್ ಏರುಪೇರಾಗಿ ಮದರ್‌ಬೋರ್ಡ್ ಸುಟ್ಟಿತು ಅಂದ್ಕೊಳ್ರಿ. ಅದು ವಾರಂಟಿಯಲ್ಲಿದ್ದು ತಯಾರಕರೇ ಬದಲಿಸಿಕೊಟ್ಟರೆ ಲೈಸನ್ಸ್ ಉಳೀತದೆ. ಇನ್ನೂ ಜೋರಾದ್ದು ಬೇಕು ಅಂತ ನೀವೇ ಹೊಸ ಬೋರ್ಡ್ ಹಾಕಿಸಿದರೆ ಅದು ಹೊಸ ಕಂಪ್ಯೂಟರ್ ಅಂತಲೇ ಲೆಕ್ಕ. ಟ್ಯಾಲಿ ಹೊಸ ಯಂತ್ರಕ್ಕೆ ಬರ್ತದೆ, ವಿಂಡೋಸ್ ಬರಲ್ಲ.

ಬೆಂಗಳೂರಿನಿಂದ ದಿಲ್ಲಿಗೆ ಹೋದ ಪ್ರಶ್ನೆ

ಈಗ ಕಾಮರ್ಸ್‌ನವರಿಗೆ ಇಷ್ಟವಾಗುವ ಭಾಗ. ವಿದೇಶಿ ಕಂಪನಿಗೆ ಸಾಫ್ಟ್‌ವೇರ್ ದುಡ್ಡು ಕಳಿಸಿದರೆ ಅದು ಸರಕಿನ ಬೆಲೆಯಾ, ಕಾಪಿರೈಟ್ ಬಳಸಿದ್ದಕ್ಕೆ ಕೊಡುವ ರಾಯಲ್ಟಿಯಾ? ರಾಯಲ್ಟಿ ಅಂದ್ರೆ ಇಲ್ಲಿಂದ ಕೊಡುವವರೇ ಟಿಡಿಎಸ್ ಕಡಿದು ಕಟ್ಟಬೇಕು.

2004ರ ನವೆಂಬರ್ 5ರಂದು ಟಿಸಿಎಸ್ ಮತ್ತು ಆಂಧ್ರಪ್ರದೇಶ ಸರ್ಕಾರದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಿದ್ಧ ಸಾಫ್ಟ್‌ವೇರ್ ಒಂದು ಸರಕು, ಮಾರಾಟ ತೆರಿಗೆ ಬೀಳ್ತದೆ ಅಂತ ಹೇಳಿತ್ತು. ಆದರೆ ಆದಾಯ ತೆರಿಗೆ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2011ರ ಅಕ್ಟೋಬರ್‌ನಲ್ಲಿ, ಸ್ಯಾಮ್‌ಸಂಗ್ ಮತ್ತಿತರರ ಪ್ರಕರಣದಲ್ಲಿ, ಇದು ರಾಯಲ್ಟಿ ಅಂತ ತೀರ್ಪು ಕೊಟ್ಟಿತು. ಜಗಳ ದಿಲ್ಲಿಗೆ ಹೋಯಿತು. 2021ರ ಮಾರ್ಚ್ 2ರಂದು ಇಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಆಫ್ ಎಕ್ಸಲೆನ್ಸ್ ಅನ್ನೋ ಕಂಪನಿಯ ಹೆಸರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ನೀವು ಕೊಂಡದ್ದು ಸಾಫ್ಟ್‌ವೇರ್‌ನ ಒಂದು ಪ್ರತಿಯನ್ನು ಬಳಸುವ ಅವಕಾಶ, ಕಾಪಿರೈಟ್ ಅಲ್ಲ, ಹಂಗಾಗಿ ಅದು ರಾಯಲ್ಟಿ ಅಲ್ಲ ಅನ್ನೋದು ತೀರ್ಪಿನ ಸಾರ.

ಆ ತೀರ್ಪಿನಲ್ಲಿ ಕೋರ್ಟು ಪ್ರಕರಣಗಳನ್ನು ನಾಲ್ಕು ಗುಂಪು ಮಾಡಿತು. ಒಂದು, ಬಳಸುವವರೇ ವಿದೇಶದಿಂದ ನೇರ ಕೊಂಡದ್ದು. ಎರಡು, ಇಲ್ಲಿನ ವಿತರಕರು ತರಿಸಿ ಮಾರಿದ್ದು. ಮೂರು, ವಿದೇಶಿ ವಿತರಕರು ಇಲ್ಲಿಯವರಿಗೆ ಮಾರಿದ್ದು. ನಾಲ್ಕು, ಹಾರ್ಡ್‌ವೇರ್‌ಗೆ ಅಂಟಿಸಿ ಒಂದೇ ಯಂತ್ರವಾಗಿ ಮಾರಿದ್ದು. ನಾಲ್ಕನೇ ಗುಂಪು ನಮ್ಮ ಓಇಎಂ ತರದ್ದೇ, ಅಲ್ವಾ? ನಾಲ್ಕರಲ್ಲೂ ಉತ್ತರ ಒಂದೇ ಬಂತು. ತೆರಿಗೆ ಲೆಕ್ಕದಲ್ಲಿ ಭೇದ ಉಳಿಯಲಿಲ್ಲ. ಭೇದ ಉಳಿದದ್ದು ನಿಮ್ಮ ಮೇಜಿನ ಮೇಲೆ.

ಕಟ್ಟು ಬಿಚ್ಚಿದ ಉದಾಹರಣೆಗಳು

"ಕಂಪನಿ ಬರೆದದ್ದೇ ಶಾಸನ, ನಾವೇನು ಮಾಡೋಕಾಗ್ತದೆ?" ಅಂತ ಅನ್ಕೋಬೇಡ್ರಿ. ಶಾಸನ ಅಂದ್ರೆ ಮಸ್ಕಿಯಲ್ಲಿ ಬಂಡೆ ಮೇಲಿದೆಯಲ್ಲ, ಅಶೋಕನದ್ದು, ಅದು. ಲೈಸನ್ಸ್ ಷರತ್ತು ಬಂಡೆ ಮೇಲೆ ಬರೆದದ್ದಲ್ಲ, ಅದು ಬದಲಾಗಿದೆ.

ಜರ್ಮನಿಯಲ್ಲಿ ಒಬ್ಬ ವ್ಯಾಪಾರಿ ಓಇಎಂ ಕಾಪಿಯನ್ನು ಕಂಪ್ಯೂಟರ್ ಇಲ್ಲದೆ ಬಿಡಿಯಾಗಿ ಮಾರಿದ. ಮೈಕ್ರೋಸಾಫ್ಟ್ ಕೋರ್ಟಿಗೆ ಹೋಯಿತು. 2000ದ ಜುಲೈ 6ರಂದು ಅಲ್ಲಿನ ಅತ್ಯುನ್ನತ ಸಿವಿಲ್ ಕೋರ್ಟು ವ್ಯಾಪಾರಿಯ ಪರ ನಿಂತಿತು: ಒಮ್ಮೆ ಮಾರಾಟವಾದ ಪ್ರತಿ ಮುಂದೆ ಯಾರ ಕೈಗೆ, ಯಾವುದರ ಜೊತೆ ಹೋಗಬೇಕು ಅನ್ನೋದನ್ನು ಕಾಪಿರೈಟ್ ಹೆಸರಲ್ಲಿ ಕಟ್ಟಿಹಾಕೋಕಾಗಲ್ಲ. ನಮ್ಮಲ್ಲಿ ಅದು ಕಾನೂನಲ್ಲ, ಆದರೆ ಪ್ರಶ್ನೆ ಕೇಳಬಹುದು ಅನ್ನೋದಕ್ಕೆ ಸಾಕ್ಷಿ.

2013ರಲ್ಲಿ ಇನ್ನೊಂದು ಆಯಿತು. ಆಫೀಸ್ 2013ರ ರಿಟೇಲ್ ಲೈಸನ್ಸನ್ನೂ ಮೈಕ್ರೋಸಾಫ್ಟ್ ಒಂದೇ ಕಂಪ್ಯೂಟರ್‌ಗೆ ಕಟ್ಟಿಹಾಕಿತು. ಕೊಂಡವರು ಗಲಾಟೆ ಮಾಡಿದರು. ಮಾರ್ಚ್ ತಿಂಗಳಲ್ಲೇ ಕಂಪನಿ ಷರತ್ತು ಬದಲಿಸಿ, ಬೇರೆ ಕಂಪ್ಯೂಟರ್‌ಗೆ ಒಯ್ಯಬಹುದು ಅಂತ ಒಪ್ಪಿತು.

ಮತ್ತೆ ನಿಮ್ಮ ಕೈಯಲ್ಲಿರೋ ಫೋನು. ಅದರ ಆಂಡ್ರಾಯ್ಡ್ ನೀವು ಕೊಂಡದ್ದಲ್ಲ, ಫೋನ್ ತಯಾರಕರು ಹಾಕಿಕೊಟ್ಟದ್ದು. ಪ್ಲೇ ಸ್ಟೋರ್ ಬೇಕು ಅಂದ್ರೆ ಗೂಗಲ್‌ನ ಬೇರೆ ಆ್ಯಪ್‌ಗಳನ್ನೂ ಜೊತೆಗೇ ಹಾಕಬೇಕು ಅನ್ನೋ ಒಪ್ಪಂದ ತಯಾರಕರ ಮೇಲಿತ್ತು. ಡಿಲೀಟ್ ಒತ್ತಿದರೂ ಹೋಗದ ಆ್ಯಪ್‌ಗಳು ಬಂದದ್ದು ಇಂಥ ಕಾಗದಗಳಿಂದ. 2022ರ ಅಕ್ಟೋಬರ್ 20ರಂದು ಭಾರತೀಯ ಸ್ಪರ್ಧಾ ಆಯೋಗ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ಹಾಕಿತು. 2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ಕೆಲವು ನಿರ್ದೇಶನಗಳನ್ನು ತೆಗೆದುಹಾಕಿ, ದಂಡವನ್ನು ಎತ್ತಿಹಿಡಿಯಿತು. ಈ ನಡುವೆ ತಯಾರಕರು ಬೇಕಾದ ಆ್ಯಪ್‌ಗಳನ್ನು ಬಿಡಿಬಿಡಿಯಾಗಿ ಲೈಸನ್ಸ್ ತಗೊಳ್ಳಬಹುದು ಅಂತ ಗೂಗಲ್ ಭಾರತಕ್ಕೆ ನಿಯಮ ಬದಲಿಸಿತು. 1994ರಲ್ಲಿ ಪಿಸಿಗೆ ಕೇಳಿದ ಪ್ರಶ್ನೆಯನ್ನೇ ನಮ್ಮವರು 2022ರಲ್ಲಿ ಫೋನ್‌ಗೆ ಕೇಳಿದರು.

ನಾಳೆ ಅಂಗಡಿಗೆ ಹೋದಾಗ

ನಮ್ಮ ಮೂರೂ ಊರಲ್ಲಿ ಎಷ್ಟೋ ಹುಡುಗರು ಸಾಲ ಮಾಡಿ ಆನ್‌ಲೈನ್ ಸೆಂಟರ್, ಡಿಟಿಪಿ, ಜಿಎಸ್‌ಟಿ ರಿಟರ್ನ್ಸ್ ಕೆಲಸ ಶುರು ಮಾಡ್ತಾರೆ. ಅಂಥವರಿಗೆ ಎರಡನೇ ಸಲ ವಿಂಡೋಸ್ ಕೊಳ್ಳೋದು ಅಂದ್ರೆ ಒಂದು ತಿಂಗಳ ಅಂಗಡಿ ಬಾಡಿಗೆ ಹೋದಂಗೆ. ಅದಕ್ಕೇ ಮೂರು ಮಾತು.

ಒಂದು, ಬಿಲ್ಲಿನಲ್ಲಿ ಬರೀ "ವಿಂಡೋಸ್" ಅಂತ ಬರೆಸಬೇಡ್ರಿ. ಓಇಎಂ ಅಥವಾ ರಿಟೇಲ್ ಅಂತ ಸ್ಪಷ್ಟವಾಗಿ ಬರೆಸ್ರಿ. ಐದಾರು ವರ್ಷ ಅದೇ ಯಂತ್ರ ಇಟ್ಕೊಳ್ಳೋರಿಗೆ ಓಇಎಂ ಸಾಕು, ಅದರಲ್ಲಿ ಏನೂ ತಪ್ಪಿಲ್ಲ. ಮೇಲಿಂದ ಮೇಲೆ ಬೋರ್ಡ್ ಬದಲಿಸೋರಿಗೆ ರಿಟೇಲ್ ಲೇಸು.

ಎರಡು, ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಕೊಂಡರೆ ಅದರ ಓಇಎಂ ವಿಂಡೋಸ್ ಕೂಡ ನಿಮಗೆ ಬರಬೇಕು, ಯಾಕಂದ್ರೆ ಅದು ಯಂತ್ರದ್ದು. ಅದಕ್ಕೆ ಬೇರೆ ದುಡ್ಡು ಕೇಳಿದರೆ ಯಾಕೆ ಅಂತ ಕೇಳ್ರಿ.

ಮೂರು, ಕೆಲವು ನೂರು ರೂಪಾಯಿಗೆ ಆನ್‌ಲೈನ್‌ನಲ್ಲಿ ಸಿಗೋ "ಲೈಫ್‌ಟೈಮ್ ಕೀ". ಆಕ್ಟಿವೇಟ್ ಆಯಿತು ಅಂದ್ರೆ ಲೈಸನ್ಸ್ ಸಿಕ್ಕಿತು ಅಂತಲ್ಲ. ದೊಡ್ಡ ಸಂಸ್ಥೆಗೆ ಸಗಟಾಗಿ ಕೊಟ್ಟ ಕೀಯನ್ನು ಚಿಲ್ಲರೆಯಾಗಿ ಮಾರೋದು ಈ ದಂಧೆಯ ಒಂದು ದಾರಿ. ಕಂಪನಿ ಆ ಕೀ ನಿಲ್ಲಿಸಿದರೆ ನಿಮ್ಮ ಕೈಯಲ್ಲಿ ಬಿಲ್ಲೂ ಇರಲ್ಲ, ಕೇಳೋಕೆ ಅಂಗಡಿಯೂ ಇರಲ್ಲ. ದುಡ್ಡೇ ಇಲ್ಲ ಅಂದ್ರೆ ಲಿನಕ್ಸ್, ಲಿಬ್ರೆ ಆಫೀಸ್ ಇವೆ, ಕನ್ನಡ ಟೈಪಿಂಗ್‌ಗೆ ನುಡಿ ಇದೆ. ಈ ದಾರಿಯಲ್ಲಿ ಕಳ್ಳ ಕೀಯೂ ಬೇಡ, ಭಯವೂ ಬೇಡ.

ಹೊಲ ಕೊಳ್ಳುವಾಗ ನಮ್ಮ ಅಪ್ಪಂದಿರು ಪಹಣಿ ನೋಡ್ತಾರೆ, ಸರ್ವೆ ನಂಬರ್ ನೋಡ್ತಾರೆ, ನೀರು ಯಾವ ಕಾಲುವೆಯದ್ದು ಅಂತ ನಾಲ್ಕು ಜನರನ್ನ ಕೇಳ್ತಾರೆ. ನಲವತ್ತು ಸಾವಿರದ ಕಂಪ್ಯೂಟರ್‌ಗೆ ಅದರಲ್ಲಿ ಕಾಲು ಭಾಗದಷ್ಟು ವಿಚಾರಣೆ ಮಾಡಿದ್ರೂ ಸಾಕು. ಮುಂದಿನ ಸಂಚಿಕೆಯಲ್ಲಿ ಸಿಗೋಣ. ಬರ್ತೀನ್ರಿ.